ಪತ್ತಿನ ಅಂಕ: ಅದು ಹೇಗೆ ಲೆಕ್ಕವಾಗುತ್ತದೆ, ಎಲ್ಲಿ ತಪ್ಪಾಗುತ್ತದೆ



ಪಿ.ಎಂ. ವಿಶ್ವಕರ್ಮ ಯೋಜನೆಯ ಅರ್ಜಿಗಳು ಮೊದಲ ಹಂತದ ಪರಿಶೀಲನೆಗಾಗಿ ಗ್ರಾಮ ಪಂಚಾಯತಿಗಳಿಗೇ ಬರುತ್ತವೆ ಎಂಬುದು ತಮಗೆ ತಿಳಿದಿದೆ. ಅರ್ಜಿದಾರನು ನಿಜವಾಗಿಯೂ ಬಡಿಗನೇ, ಕಮ್ಮಾರನೇ, ಕುಂಬಾರನೇ ಎಂಬುದನ್ನು ನಾವು ನೋಡಿ ದೃಢೀಕರಿಸುತ್ತೇವೆ. ಮುಂದಿನ ಹಂತಗಳು ಮುಗಿದು, ತರಬೇತಿಯೂ ಆಗಿ, ಯೋಜನೆಯಲ್ಲಿರುವ 1 ಲಕ್ಷ ರೂ.ಗಳ ಮೊದಲ ಸಾಲಕ್ಕಾಗಿ ಆತ ಬ್ಯಾಂಕಿಗೆ ಹೋದಾಗ ಕೆಲವೊಮ್ಮೆ ಸಿಗುವ ಉತ್ತರ ಒಂದೇ ಮಾತಿನದು: "ಸಿಬಿಲ್ ಬರುತ್ತಿಲ್ಲ." ಹಾಗೆ ಮರಳಿ ಬಂದ ಬಡಿಗರೊಬ್ಬರು ನಮ್ಮ ಕಚೇರಿಯಲ್ಲಿ ಕುಳಿತು ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ: "ಸಾಹೇಬ್ರ, ಪಂಚಾಯ್ತಿಯವ್ರು ನೀವು ಹೌದು ಅಂದ್ರಿ, ಬ್ಯಾಂಕಿನವ್ರು ಅಲ್ಲ ಅಂತಾರ. ಯಾರ ಮಾತು ಖರೇ?"

ಎರಡೂ ಖರೇ ಇರಬಹುದು. ನಾವು ದೃಢೀಕರಿಸಿದ್ದು ಆತನ ಕಸುಬನ್ನು. ಬ್ಯಾಂಕು ನೋಡಿದ್ದು ಆತನ ಹೆಸರಿನಲ್ಲಿರುವ ಹಳೆಯ ಸಾಲಗಳ ದಾಖಲೆಯನ್ನು. ಆದರೆ "ಸಿಬಿಲ್ ಬರುತ್ತಿಲ್ಲ" ಎಂಬ ಮಾತಿನೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸಂಗತಿಗಳು ಅಡಗಿರಬಹುದು. ಒಂದು, ಆತನ ದಾಖಲೆಯೇ ಇಲ್ಲದಿರುವುದು. ಎರಡು, ದಾಖಲೆಯಿದ್ದು ಅದರಲ್ಲಿ ಬಾಕಿ ತೋರುತ್ತಿರುವುದು. ಮೂರು, ಬಾಕಿಯೇನೂ ಇಲ್ಲದಿದ್ದರೂ ಮನೆಯ ಮೇಲಿನ ಕಂತುಗಳ ಭಾರ ಮಿತಿ ಮೀರಿರುವುದು. ಪರಿಹಾರವೂ ಮೂರಕ್ಕೆ ಮೂರು ಬೇರೆ. ಯಾವುದೆಂದು ಕೇಳದೆ ಮರಳಿ ಬಂದವನಿಗೆ ನಾವು ಯಾವ ಸಹಾಯವನ್ನೂ ಮಾಡಲಾಗುವುದಿಲ್ಲ.

ಪತ್ತು ಎಂಬ ಮಾತು ನಮಗೆ ಹೊಸದಲ್ಲ

ನಮ್ಮ ಭಾಗದ ಊರುಗಳಲ್ಲಿ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದ ಫಲಕವನ್ನು ನಾವೆಲ್ಲ ಚಿಕ್ಕಂದಿನಿಂದ ನೋಡಿದ್ದೇವೆ. ಆ ಪತ್ತು ಎಂದರೆ ಸಾಲ ಪಡೆಯುವ ಯೋಗ್ಯತೆಯ ಮೇಲಿನ ನಂಬಿಕೆ. 1904ರ ಸಹಕಾರ ಪತ್ತಿನ ಸಂಘಗಳ ಕಾಯ್ದೆಯಡಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಣಗಿನಹಾಳದಲ್ಲಿ ಸಂಘ ಕಟ್ಟಿದಾಗ ಆ ಊರು ಧಾರವಾಡ ಜಿಲ್ಲೆಯಲ್ಲಿಯೇ ಇತ್ತು. ಈಗ ಗದಗ ಜಿಲ್ಲೆಗೆ ಸೇರಿದೆ. ಆ ಕಾಯ್ದೆಯ ಗ್ರಾಮೀಣ ಸಂಘಗಳಲ್ಲಿ ಸದಸ್ಯರ ಹೊಣೆಗಾರಿಕೆಗೆ ಮಿತಿ ಇರಲಿಲ್ಲ. ಒಬ್ಬನು ಸಾಲ ತೀರಿಸದಿದ್ದರೆ ಉಳಿದವರ ಆಸ್ತಿಗೂ ಅದರ ಬಿಸಿ ತಟ್ಟುತ್ತಿತ್ತು. ಆದ್ದರಿಂದ ಯಾರಿಗೆ ಎಷ್ಟು ಕೊಡಬಹುದೆಂಬ ಲೆಕ್ಕವನ್ನು ನೆರೆಹೊರೆಯವರೇ ಮಾಡುತ್ತಿದ್ದರು: ಹೊಲ ಎಷ್ಟು, ಎತ್ತು ಎಷ್ಟು, ಮಾತಿಗೆ ತಪ್ಪುವ ಮನುಷ್ಯನೇ, ಕುಡಿಯುವ ಚಟವಿದೆಯೇ ಎಂಬುದೆಲ್ಲ ಊರಿಗೆ ಗೊತ್ತಿರುತ್ತಿತ್ತು.

ಆ ವ್ಯವಸ್ಥೆಯನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಊರಿಗೆ ಗೊತ್ತಿರುವುದರಲ್ಲಿ ಜಾತಿಯೂ ಇತ್ತು, ದಾಯಾದಿ ಜಗಳವೂ ಇತ್ತು. ಇಂದಿನ ಅಂಕದಲ್ಲಿ ಅವೆರಡೂ ಇಲ್ಲ; ಅಷ್ಟರಮಟ್ಟಿಗೆ ಇದು ಮೇಲು. ಆದರೆ ಅಂದು ತಪ್ಪು ತಿಳಿವಳಿಕೆಯಾಗಿದ್ದರೆ ಪಂಚರ ಮುಂದೆ ನಿಂತು ಹೇಳಬಹುದಿತ್ತು. ಇಂದು ಎಲ್ಲಿ ನಿಂತು ಹೇಳಬೇಕೆಂಬುದೇ ಬಹುಮಂದಿಗೆ ತಿಳಿದಿಲ್ಲ.

ಅಂಕ ಕೊಡುವವರು ಯಾರು

ಸಿಬಿಲ್ ಎಂಬುದು ಸರ್ಕಾರದ ಇಲಾಖೆಯಲ್ಲ, ರಿಸರ್ವ್ ಬ್ಯಾಂಕಿನ ಶಾಖೆಯೂ ಅಲ್ಲ. ಅದು 2000ದಲ್ಲಿ ಸ್ಥಾಪನೆಯಾದ ಒಂದು ಕಂಪನಿ. ಈಗಿನ ಹೆಸರು ಟ್ರಾನ್ಸ್‌ಯೂನಿಯನ್ ಸಿಬಿಲ್. 2005ರ ಸಾಲ ಮಾಹಿತಿ ಕಂಪನಿಗಳ ನಿಯಂತ್ರಣ ಕಾಯ್ದೆಯಡಿ ರಿಸರ್ವ್ ಬ್ಯಾಂಕಿನ ಅನುಮತಿ ಪಡೆದ ಇಂತಹ ನಾಲ್ಕು ಕಂಪನಿಗಳಿವೆ. ಉಳಿದ ಮೂರು ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್ ಮತ್ತು ಸಿ.ಆರ್.ಐ.ಎಫ್. ಹೈಮಾರ್ಕ್. ಮೊದಲು ಬಂದದ್ದು ಸಿಬಿಲ್ ಆದ್ದರಿಂದ ಅದರ ಹೆಸರೇ ಅಂಕದ ಹೆಸರಾಗಿ ಉಳಿದಿದೆ. ಸಾಲ ಕೊಡುವ ಬ್ಯಾಂಕುಗಳು, ಹಣಕಾಸು ಕಂಪನಿಗಳು, ಮೈಕ್ರೋಫೈನಾನ್ಸ್ ಸಂಸ್ಥೆಗಳು ತಮ್ಮ ಸಾಲಗಾರರ ಖಾತೆಯ ಸ್ಥಿತಿಯನ್ನು ಈ ನಾಲ್ಕೂ ಕಂಪನಿಗಳಿಗೆ ಕಳುಹಿಸಬೇಕು. ಮೊದಲು ತಿಂಗಳಿಗೊಮ್ಮೆ ಹೋಗುತ್ತಿದ್ದ ಈ ಮಾಹಿತಿ 1.1.2025ರಿಂದ ಕನಿಷ್ಠ ಹದಿನೈದು ದಿನಕ್ಕೊಮ್ಮೆ ಹೋಗಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿದೆ.

ಊರಿನ ಸಾಹುಕಾರರ ಕೈಗಡ, ಸ್ವಸಹಾಯ ಗುಂಪಿನೊಳಗೆ ಉಳಿತಾಯದ ಹಣದಿಂದಲೇ ಕೊಟ್ಟುಕೊಳ್ಳುವ ಸಾಲ, ಚೀಟಿ, ಅಡತಿ ಅಂಗಡಿಯಲ್ಲಿ ಪಡೆದ ಮುಂಗಡ ಇವು ಯಾವುವೂ ಅಲ್ಲಿಗೆ ಹೋಗುವುದಿಲ್ಲ. ಇಪ್ಪತ್ತು ವರ್ಷ ಒಂದೇ ಅಡತಿಯೊಡನೆ ಒಂದು ಪೈಸೆ ತಪ್ಪದೆ ವ್ಯವಹರಿಸಿದ ಕುಂದಗೋಳದ ಮೆಣಸಿನಕಾಯಿ ಬೆಳೆಗಾರನ ಪ್ರಾಮಾಣಿಕತೆ ಈ ಲೆಕ್ಕದಲ್ಲಿ ಶೂನ್ಯ. ಹಾಗೆಯೇ ಆತನ ಹೊಲ ಎಷ್ಟು ಎಕರೆ, ಉಳಿತಾಯ ಖಾತೆಯಲ್ಲಿ ಎಷ್ಟು ಹಣವಿದೆ, ಸಂಬಳ ಎಷ್ಟು ಎಂಬುದೂ ಅಂಕಕ್ಕೆ ಸೇರುವುದಿಲ್ಲ. ಅವನ್ನು ಬ್ಯಾಂಕು ಬೇರೆಯಾಗಿ ನೋಡುತ್ತದೆ. ಐವತ್ತು ಎಕರೆಯ ಗೌಡರ ಅಂಕ ಕಡಿಮೆಯಿದ್ದು, ಅವರ ಹೊಲದಲ್ಲಿ ದುಡಿಯುವ, ಗುಂಪಿನ ಕಂತು ತಪ್ಪದ ಹೆಣ್ಣುಮಗಳ ಅಂಕ ಹೆಚ್ಚಿರುವುದು ಸಾಧ್ಯ.

ಲೆಕ್ಕ

ಅಂಕ 300ರಿಂದ 900ರ ನಡುವೆ ಇರುತ್ತದೆ. ಹೆಚ್ಚಾದಷ್ಟೂ ಒಳ್ಳೆಯದು. ಲೆಕ್ಕದ ಪೂರ್ತಿ ಸೂತ್ರವನ್ನು ಯಾವ ಕಂಪನಿಯೂ ಹೊರಗೆ ಕೊಡುವುದಿಲ್ಲ, ಒಂದೊಂದು ಕಂಪನಿಯ ಸೂತ್ರವೂ ಬೇರೆ; ಆದ್ದರಿಂದ ಒಬ್ಬನಿಗೇ ನಾಲ್ಕು ಕಡೆ ನಾಲ್ಕು ಅಂಕ ಬರಬಹುದು. ಎಂಜಿನಿಯರಿಂಗ್ ಓದಿದವನಾಗಿ ನನಗೆ ಇದು ಸ್ವಲ್ಪ ಕಿರಿಕಿರಿಯ ಸಂಗತಿ. ಸೇತುವೆಯ ಅಂದಾಜುಪಟ್ಟಿಯನ್ನು ಸೂತ್ರ ಮುಚ್ಚಿಟ್ಟು ಮಂಡಿಸಿದರೆ ತಾವು ಒಪ್ಪುವುದಿಲ್ಲ. ಆದರೂ ಯಾವ ಯಾವ ಅಂಶಗಳು ಲೆಕ್ಕಕ್ಕೆ ಬರುತ್ತವೆಂಬುದನ್ನು ಕಂಪನಿಗಳೇ ತಿಳಿಸಿವೆ.

ಎಲ್ಲಕ್ಕಿಂತ ಮುಖ್ಯವಾದುದು ಕಂತು ಕಟ್ಟಿದ ಚರಿತ್ರೆ. ವರದಿಯಲ್ಲಿ ಪ್ರತಿಯೊಂದು ಸಾಲದ ಕೆಳಗೆ ತಿಂಗಳುಗಳ ಸಾಲು ಇರುತ್ತದೆ. 36 ತಿಂಗಳವರೆಗಿನದು ಕಾಣುತ್ತದೆ. ಪ್ರತಿ ತಿಂಗಳ ಕೆಳಗೆ ಮೂರು ಅಂಕಿಗಳು. ಆ ತಿಂಗಳಲ್ಲಿ ಖಾತೆ ಎಷ್ಟು ದಿನ ಬಾಕಿಯಲ್ಲಿತ್ತೆಂಬುದನ್ನು ಅವು ಹೇಳುತ್ತವೆ. ಮೂರು ಸೊನ್ನೆಗಳಿದ್ದರೆ ಬಾಕಿಯಿಲ್ಲ. 035 ಎಂದಿದ್ದರೆ ಮೂವತ್ತೈದು ದಿನ ಬಾಕಿ. ಇಲ್ಲಿ ಗಮನಿಸಬೇಕಾದುದೇನೆಂದರೆ, ಲೆಕ್ಕ ದಿನಗಳದು. ಸಾವಿರ ರೂಪಾಯಿಯ ಕಂತು ತಡವಾದರೂ ದಿನ ಎಣಿಸಲಾಗುತ್ತದೆ. ಕಂತಿನಲ್ಲಿ ಇನ್ನೂರು ರೂಪಾಯಿ ಕಡಿಮೆ ಬಿದ್ದರೂ ಖಾತೆ ಬಾಕಿಯೇ. ಮೂರು ತಿಂಗಳ ನಂತರ ಒಟ್ಟಿಗೆ ಬಡ್ಡಿಸಹಿತ ಕಟ್ಟಿದರೆ ಬಾಕಿ ಹೋಗುತ್ತದೆ, ಆ ಮೂರು ತಿಂಗಳ ಅಂಕಿಗಳು ಹೋಗುವುದಿಲ್ಲ. ಸಾಮಾನ್ಯ ಸಾಲವೊಂದು 90 ದಿನಕ್ಕಿಂತ ಹೆಚ್ಚು ಬಾಕಿಯಾದರೆ ಬ್ಯಾಂಕು ಅದನ್ನು ಅನುತ್ಪಾದಕ ಆಸ್ತಿ ಎಂದು ವರ್ಗೀಕರಿಸುತ್ತದೆ. ಹೆಸರು, ಜೋಳದಂತಹ ಅಲ್ಪಾವಧಿ ಬೆಳೆಗಳ ಸಾಲಕ್ಕೆ ಈ ಗಡುವು ಎರಡು ಬೆಳೆ ಹಂಗಾಮು.

ಎರಡನೆಯದು, ಸಿಕ್ಕ ಮಿತಿಯಲ್ಲಿ ಎಷ್ಟು ಬಳಸಿಕೊಂಡಿದ್ದಾರೆ ಎಂಬುದು. ಕ್ರೆಡಿಟ್ ಕಾರ್ಡ್ ಇರುವವರಿಗೆ ಇದು ಹೆಚ್ಚು ಅನ್ವಯಿಸುತ್ತದೆ. 40,000 ರೂ. ಮಿತಿಯಲ್ಲಿ 36,000 ರೂ. ಬಳಸಿದರೆ ಶೇ. 90 ಆಯಿತು, ಇದು ಪ್ರತಿ ತಿಂಗಳೂ ಹೀಗೇ ಇದ್ದರೆ ಹಣದ ಅಡಚಣೆಯ ಲಕ್ಷಣವೆಂದು ಲೆಕ್ಕವಾಗುತ್ತದೆ. ಸಾಲದ ಚರಿತ್ರೆ ಎಷ್ಟು ಹಳೆಯದು, ಬಂಗಾರದ ಸಾಲ, ಬೆಳೆಸಾಲ, ವೈಯಕ್ತಿಕ ಸಾಲ ಇವುಗಳ ಮಿಶ್ರಣ ಹೇಗಿದೆ ಎಂಬುದೂ ಸೇರುತ್ತದೆ.

ಇನ್ನೊಂದು ಅಂಶ ನಮ್ಮ ಯುವಕರಿಗೆ ಸಂಬಂಧಿಸಿದ್ದು. ಸಾಲಕ್ಕೆ ಅರ್ಜಿ ಹಾಕಿದಾಗಲೆಲ್ಲ ಆ ಸಂಸ್ಥೆ ವರದಿಯನ್ನು ತೆಗೆಸುತ್ತದೆ, ಆ ವಿಚಾರಣೆಯೂ ದಾಖಲಾಗುತ್ತದೆ. ಮೋಟರ್ ಸೈಕಲ್ ಕೊಳ್ಳಲು ಹುಬ್ಬಳ್ಳಿಗೆ ಹೋಗಿ ಒಂದೇ ವಾರದಲ್ಲಿ ಐದು ಕಂಪನಿಗಳಲ್ಲಿ ಕೇಳಿ, ಜೊತೆಗೆ ಮೊಬೈಲಿನ ಸಾಲದ ಆ್ಯಪ್‌ಗಳಲ್ಲಿಯೂ ಗುಂಡಿ ಒತ್ತಿ ನೋಡಿದರೆ, ಸಾಲ ಒಂದೂ ಸಿಗದಿದ್ದರೂ ಏಳೆಂಟು ವಿಚಾರಣೆಗಳು ಬಿದ್ದಿರುತ್ತವೆ. ಆದರೆ ತನ್ನ ವರದಿಯನ್ನು ತಾನೇ ತೆಗೆದು ನೋಡಿಕೊಂಡರೆ ಅಂಕ ಕಡಿಮೆಯಾಗುವುದಿಲ್ಲ. ಕಡಿಮೆಯಾಗುತ್ತದೆಂಬ ಹೆದರಿಕೆಯಿಂದಲೇ ಹಲವರು ನೋಡುವುದಿಲ್ಲ. ಇದನ್ನು ತಾವು ಖಂಡಿತವಾಗಿ ಹೇಳಬಹುದು.

ನಮ್ಮ ಮನೆಯಲ್ಲಿ ಆದದ್ದು

ನಾನು ಎಂಜಿನಿಯರಿಂಗ್ ಓದಿದ್ದು ವಿದ್ಯಾಭ್ಯಾಸ ಸಾಲದಿಂದ. ತಂದೆಯವರು ಸಹ-ಸಾಲಗಾರರಾಗಿ ಸಹಿ ಮಾಡಿದ್ದರು. ಓದು ಮುಗಿದ ಮೇಲೆ ಒಂದು ವರ್ಷ ಕಂತು ಇರಲಿಲ್ಲ. ಆ ವರ್ಷವೂ ಮುಗಿದದ್ದು ನನಗೆ ತಿಳಿಯಲೇ ಇಲ್ಲ. ಧಾರವಾಡದಲ್ಲಿ ಕೋಣೆ ಹಿಡಿದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೆ. ಬ್ಯಾಂಕಿನ ಪತ್ರಗಳು ಕಾಲೇಜಿನ ದಿನಗಳ ಬಾಡಿಗೆ ಮನೆಯ ವಿಳಾಸಕ್ಕೆ ಹೋಗುತ್ತಿದ್ದವು. ನಾಲ್ಕು ಕಂತು ಬಾಕಿಯಾದವು. ಅದೇ ಸಮಯದಲ್ಲಿ ತಂದೆಯವರು ಕೊಳವೆಬಾವಿಯಿಂದ ಹೊಲಕ್ಕೆ ಪೈಪ್‌ಲೈನ್ ಹಾಕಿಸಲು ಬೇರೊಂದು ಬ್ಯಾಂಕಿನಲ್ಲಿ ಸಾಲ ಕೇಳಿದ್ದರು. ಸೊಸೈಟಿಯಲ್ಲಿ ಮೂವತ್ತು ವರ್ಷ ವ್ಯವಹಾರ ಮಾಡಿ ಒಂದು ಸಲವೂ ಬಾಕಿದಾರರ ಪಟ್ಟಿಯಲ್ಲಿ ಹೆಸರು ಬರಿಸಿಕೊಳ್ಳದ ಮನುಷ್ಯ. ಮ್ಯಾನೇಜರರು ಕಂಪ್ಯೂಟರ್ ನೋಡಿ ಆಗುವುದಿಲ್ಲವೆಂದರು.

ಸಹ-ಸಾಲಗಾರನ ವರದಿಯಲ್ಲಿಯೂ ಆ ಸಾಲ ಅಷ್ಟೇ ಪೂರ್ತಿಯಾಗಿ ಕಾಣುತ್ತದೆ ಎಂಬುದು ನನಗೆ ಅಂದು ತಿಳಿದದ್ದು. ಸೋದರಮಾವನಿಂದ ಹಣ ತಂದು ಮರುವಾರವೇ ಬಾಕಿ ಕಟ್ಟಿದೆ. ಕಟ್ಟಿದ ಮೇಲೂ ವರದಿಯಲ್ಲಿ ಹಳೆಯ ಬಾಕಿ ಹಾಗೆಯೇ ನಿಂತಿತ್ತು. ಶಾಖೆಗೆ ಮೂರು ಸಲ ಅರ್ಜಿ ಕೊಟ್ಟ ನಂತರ ಸರಿಯಾಯಿತು. ಅಷ್ಟರಲ್ಲಿ ಹಿಂಗಾರಿ ಬಿತ್ತನೆ ಮುಗಿದು, ತಂದೆಯವರು ಜೋಡೆತ್ತು ಮಾರಿ ಪೈಪು ತಂದಿದ್ದರು. "ನಾ ಯಾರ ರೊಕ್ಕಾನೂ ಇಟ್ಕೊಂಡಿಲ್ಲಲ್ಲೋ" ಎಂದು ಅವರು ಒಂದೇ ಸಲ ಹೇಳಿದ್ದು. ಆ ಮಾತು ಇನ್ನೂ ಕಿವಿಯಲ್ಲಿದೆ. ತಪ್ಪು ಮೊದಲು ನನ್ನದು, ಆಮೇಲೆ ಶಾಖೆಯದು. ಪೆಟ್ಟು ಮಾತ್ರ ಅವರಿಗೆ.

ವಿಳಾಸ ಮತ್ತು ಮೊಬೈಲ್ ಸಂಖ್ಯೆ ಬದಲಾದಾಗ ಸಾಲ ಕೊಟ್ಟ ಶಾಖೆಗೆ ತಿಳಿಸಬೇಕೆಂಬುದನ್ನು ನಾನು ಈಗ ವಿದ್ಯಾಭ್ಯಾಸ ಸಾಲ ಪಡೆದ ಪ್ರತಿ ಮಗುವಿನ ತಂದೆತಾಯಿಗೂ ಹೇಳುತ್ತೇನೆ.

ಜಾಮೀನು, ಗುಂಪು, ರಾಜಿ

ಸದಸ್ಯರಾದ ತಮ್ಮ ಬಳಿ ಜಾಮೀನಿಗಾಗಿ ಬರುವವರು ಬಹಳ. ಚುನಾವಣೆಯಲ್ಲಿ ಜೊತೆಗಿದ್ದವರಿಗೆ ಇಲ್ಲವೆನ್ನುವುದು ಕಷ್ಟ. ತಿಳಿದಿರಬೇಕಾದುದು ಇಷ್ಟು: ಜಾಮೀನು ನಿಂತ ಸಾಲ ಜಾಮೀನುದಾರನ ವರದಿಯಲ್ಲಿಯೂ ದಾಖಲಾಗುತ್ತದೆ, ಸಾಲಗಾರ ಕಟ್ಟದಿದ್ದರೆ ಆ ಬಾಕಿ ತಮ್ಮ ಹೆಸರಿನ ಮುಂದೆಯೂ ಬರುತ್ತದೆ. ಹೀಗೆ ನಾಲ್ಕಾರು ಜನರಿಗೆ ಸಹಿ ಮಾಡಿದ ಸದಸ್ಯರು ವರ್ಷಕ್ಕೊಮ್ಮೆ ತಮ್ಮ ವರದಿಯನ್ನು ತೆಗೆಸಿ ನೋಡುವುದು ಒಳ್ಳೆಯದು. ಸಹಿ ಮಾಡಿದ್ದು ತಮಗೆ ಮರೆತಿರಬಹುದು, ವರದಿಯಲ್ಲಿ ಮಾತ್ರ ಇರುತ್ತದೆ.

ಸಂಜೀವಿನಿ ಒಕ್ಕೂಟದ ಸಭೆಗಳಲ್ಲಿ ಕೇಳಿಬರುವ ಪ್ರಶ್ನೆಯೊಂದಿದೆ: ಬ್ಯಾಂಕ್ ಸಾಲ ಇರುವುದು ಗುಂಪಿನ ಹೆಸರಿಗೆ, ಒಬ್ಬೊಬ್ಬರ ಹೆಸರಿಗೆ ಏಕೆ ಬಂತು? ಸ್ವಸಹಾಯ ಗುಂಪುಗಳಿಗೆ ಕೊಟ್ಟ ಸಾಲದ ವಿವರವನ್ನು ಸದಸ್ಯವಾರು ಕಳುಹಿಸಬೇಕೆಂದು ರಿಸರ್ವ್ ಬ್ಯಾಂಕು 2016ರಲ್ಲಿಯೇ ಸೂಚಿಸಿದೆ. ಆದ್ದರಿಂದ ಗುಂಪಿನ ಠರಾವು ಪುಸ್ತಕದಲ್ಲಿ ಯಾರಿಗೆ ಎಷ್ಟು ಹಂಚಲಾಯಿತು, ಯಾರು ಎಷ್ಟು ಮರಳಿಸಿದರು ಎಂಬುದು ಸರಿಯಾಗಿರುವುದು ಮುಖ್ಯ. ಹೊಂದಾಣಿಕೆಗಾಗಿ ಒಬ್ಬಳ ಹೆಸರಿನಲ್ಲಿ ಇನ್ನೊಬ್ಬಳು ಸಾಲ ಪಡೆಯುವ ರೂಢಿ ನಮ್ಮ ಊರುಗಳಲ್ಲಿದೆ. ಪಡೆದವಳು ಕಟ್ಟದಿದ್ದರೆ ಹೆಸರು ಕೊಟ್ಟವಳ ದಾಖಲೆ ಹಾಳಾಗುತ್ತದೆ, ಆಗ ಆಕೆ ಯಾರ ಮುಂದೆಯೂ ಸಾಕ್ಷಿ ತೋರಿಸಲಾರಳು.

ಇನ್ನು ರಾಜಿ. ಲೋಕ ಅದಾಲತ್ತಿನಲ್ಲಿ ಅಥವಾ ಬ್ಯಾಂಕಿನ ಒಂದೇ ಕಂತಿನ ತೀರುವಳಿ ಯೋಜನೆಯಲ್ಲಿ 80,000 ರೂ. ಬಾಕಿಯನ್ನು 50,000ಕ್ಕೆ ಮುಗಿಸಿದರೆ, ಬ್ಯಾಂಕು ಖಾತೆಯನ್ನು ಪೂರ್ಣ ಪಾವತಿಯಾಗಿ ಮುಕ್ತಾಯವಾಯಿತು ಎಂದು ಬರೆಯದೆ 'ಸೆಟಲ್ಡ್' ಎಂದು ಬರೆಯುತ್ತದೆ. ಮುಂದಿನ ಬ್ಯಾಂಕಿನವರು ಅದನ್ನು ಪೂರ್ತಿ ಕಟ್ಟದ ಸಾಲವೆಂದೇ ಓದುತ್ತಾರೆ. ರಾಜಿಯೇ ಬೇಡವೆಂದು ನಾನು ಹೇಳುವುದಿಲ್ಲ. ಪೂರ್ತಿ ಕಟ್ಟುವ ಶಕ್ತಿಯೇ ಇಲ್ಲದವರಿಗೆ ಅದು ನ್ಯಾಯವಾದ ದಾರಿ. ಆದರೆ ಕಟ್ಟುವ ಶಕ್ತಿಯಿದ್ದವನು ಮೂವತ್ತು ಸಾವಿರ ಉಳಿಯಿತೆಂದು ಹಿಗ್ಗಿ, ಮರುವರ್ಷ ಮಗಳ ಓದಿಗೆ ಸಾಲ ಕೇಳಲು ಹೋಗಿ ಹಿಂದಿರುಗಿದರೆ ಆ ಉಳಿತಾಯ ದುಬಾರಿಯದು. ಸಾಲ ಮಾಹಿತಿ ಕಂಪನಿಗಳು ಮಾಹಿತಿಯನ್ನು ಕನಿಷ್ಠ ಏಳು ವರ್ಷ ಇಟ್ಟುಕೊಳ್ಳಬೇಕೆಂಬುದು ನಿಯಮ.

ಬೆಳೆಸಾಲದ ಬಗ್ಗೆ ಒಂದು ಮಾತನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ. 2018ರಲ್ಲಿ ಸರ್ಕಾರ ಬೆಳೆಸಾಲ ಮನ್ನಾ ಘೋಷಿಸಿದ ನಂತರ, ಪ್ರತಿ ಚುನಾವಣೆಯ ಹೊಸ್ತಿಲಲ್ಲಿ "ಈ ಸಲವೂ ಮನ್ನಾ ಆಗುತ್ತದೆ, ಕಟ್ಟಬೇಡಿ" ಎಂಬ ಮಾತು ಕಟ್ಟೆಗಳಲ್ಲಿ ಹುಟ್ಟುತ್ತದೆ. ಕೆಲವೊಮ್ಮೆ ಅದನ್ನು ಹೇಳುವವರು ನಮ್ಮವರೇ. ಮನ್ನಾ ಬಾರದಿದ್ದರೆ ಆ ಬಾಕಿಯ ದಿನಗಳು ಹೇಳಿದವರ ಲೆಕ್ಕಕ್ಕೆ ಬರುವುದಿಲ್ಲ, ರೈತನ ಲೆಕ್ಕಕ್ಕೆ ಬರುತ್ತವೆ. ಸಕಾಲಕ್ಕೆ ಕಟ್ಟಿದವರಿಗೆ ಸಿಗುವ ಬಡ್ಡಿ ರಿಯಾಯಿತಿಯೂ ತಪ್ಪುತ್ತದೆ. 2023ರಂತಹ ಬರದ ವರ್ಷದಲ್ಲಿ ನಿಜವಾಗಿಯೂ ಕಟ್ಟಲಾಗದಿದ್ದರೆ ಸುಮ್ಮನಿರಬಾರದು. ತಾಲ್ಲೂಕು ಬರಪೀಡಿತವೆಂದು ಘೋಷಣೆಯಾದ ಮೇಲೆ ಬೆಳೆಸಾಲದ ಅವಧಿಯನ್ನು ಮರುಹೊಂದಿಸಲು ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕಿನ ನಿರ್ದೇಶನಗಳಲ್ಲಿ ಅವಕಾಶವಿದೆ. ಅದಕ್ಕೆ ಗಡುವಿನೊಳಗೆ ಶಾಖೆಗೆ ಹೋಗಿ ಲಿಖಿತವಾಗಿ ಕೇಳಬೇಕು.

ದಾಖಲೆಯೇ ಇಲ್ಲದವರು, ಭಾರ ಮೀರಿದವರು

ಈವರೆಗೆ ಬ್ಯಾಂಕಿನಿಂದ ಸಾಲವನ್ನೇ ಪಡೆಯದವನ ವರದಿ ತೆಗೆಸಿದರೆ ಅಂಕದ ಬದಲು ಚರಿತ್ರೆ ಇಲ್ಲ ಎಂಬ ಅರ್ಥದ ಸಂಕೇತ ಬರುತ್ತದೆ. ಇದು ಕೆಟ್ಟ ಅಂಕವಲ್ಲ. ಮೊದಲ ಬಾರಿ ಸಾಲ ಕೇಳುವವರ ಅರ್ಜಿಯನ್ನು ಕೇವಲ ಸಾಲದ ಚರಿತ್ರೆ ಇಲ್ಲವೆಂಬ ಕಾರಣಕ್ಕೆ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕು 6.1.2025ರ ತನ್ನ ನಿರ್ದೇಶನಗಳಲ್ಲಿ ಬ್ಯಾಂಕುಗಳಿಗೆ ತಿಳಿಸಿದೆ. ಸಾಲ ಮಂಜೂರಿಗೆ ಇಂತಿಷ್ಟೇ ಕನಿಷ್ಠ ಅಂಕವಿರಬೇಕೆಂದು ರಿಸರ್ವ್ ಬ್ಯಾಂಕು ಎಲ್ಲಿಯೂ ಗೊತ್ತುಪಡಿಸಿಲ್ಲ ಎಂದು ಕೇಂದ್ರ ಹಣಕಾಸು ಸಚಿವಾಲಯ 2025ರ ಆಗಸ್ಟ್‌ನಲ್ಲಿ ಲೋಕಸಭೆಗೆ ಉತ್ತರಿಸಿದೆ. ಕನಿಷ್ಠ ಅಂಕವನ್ನು ಪ್ರತಿ ಬ್ಯಾಂಕು ತನ್ನ ನೀತಿಯಂತೆ ಇಟ್ಟುಕೊಳ್ಳುತ್ತದೆ. ಆದ್ದರಿಂದ ಒಂದು ಬ್ಯಾಂಕು ಇಲ್ಲವೆಂದದ್ದು ಎಲ್ಲ ಬ್ಯಾಂಕುಗಳ ಉತ್ತರವಲ್ಲ. ಆರಂಭದಲ್ಲಿ ಹೇಳಿದ ಬಡಿಗರದು ಇದೇ ಪ್ರಕರಣ. ಆತ ಆವರೆಗೆ ಎಲ್ಲಿಯೂ ಸಾಲ ಮಾಡಿರಲಿಲ್ಲ. ಮೇಲಿನ ನಿರ್ದೇಶನವನ್ನು ಉಲ್ಲೇಖಿಸಿ ಒಂದು ಅರ್ಜಿ ಬರೆದುಕೊಟ್ಟೆವು. ಶಾಖೆಯವರು ಕಡತವನ್ನು ಮತ್ತೆ ತೆರೆದರು.

ಮೂರನೆಯ ಸಂಗತಿ ಮೈಕ್ರೋಫೈನಾನ್ಸಿನದು. ವಾರ್ಷಿಕ 3 ಲಕ್ಷ ರೂ.ವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲವನ್ನು ಮೈಕ್ರೋಫೈನಾನ್ಸ್ ಸಾಲವೆಂದು ರಿಸರ್ವ್ ಬ್ಯಾಂಕಿನ 2022ರ ನಿಯಮ ಹೇಳುತ್ತದೆ. ಗಂಡ, ಹೆಂಡತಿ ಮತ್ತು ಮದುವೆಯಾಗದ ಮಕ್ಕಳು ಸೇರಿ ಒಂದು ಕುಟುಂಬ. ಆ ಕುಟುಂಬದ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ತಿಂಗಳಿಗೆ 16,000 ರೂ. ಬರುವ ಮನೆಯಲ್ಲಿ ಈಗಾಗಲೇ 7,500 ರೂ. ಕಂತು ಹೋಗುತ್ತಿದ್ದರೆ, ಇನ್ನು 500 ರೂ.ಗಿಂತ ಹೆಚ್ಚಿನ ಕಂತಿನ ಸಾಲ ಕೊಡಲು ಸಂಸ್ಥೆಗೆ ಅಧಿಕಾರವಿಲ್ಲ. ಆ ಮನೆಯ ಹೆಣ್ಣುಮಗಳು ಒಂದು ಕಂತನ್ನೂ ತಪ್ಪಿಸದಿದ್ದರೂ ಉತ್ತರ ಇಲ್ಲವೆಂದೇ. ಇಲ್ಲಿ ಅಂಕದ ದೋಷವಿಲ್ಲ, ಮಿತಿ ಅವಳ ರಕ್ಷಣೆಗಾಗಿಯೇ ಇದೆ.

ಅಂತಹವರು ಮುಂದೆ ಹೋಗುವುದು ನೋಂದಣಿ ಇಲ್ಲದ ಸಾಲಗಾರರ ಬಳಿಗೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ವಸೂಲಿಯ ಕಿರುಕುಳದಿಂದ ಜನ ಊರು ಬಿಟ್ಟ ವರದಿಗಳ ನಂತರ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಕಿರುಸಾಲ ಮತ್ತು ಸಣ್ಣಸಾಲಗಳ ಬಲವಂತದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ತಂದಿತು. ನೋಂದಣಿ ಇಲ್ಲದ ಮತ್ತು ಪರವಾನಗಿ ಇಲ್ಲದ ಸಾಲದಾತರ ಮೇಲೆ ಅದು ಕಠಿಣವಾಗಿದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಗಳ ಸಾಲವನ್ನು ಅದು ಮನ್ನಾ ಮಾಡುವುದಿಲ್ಲ. "ಕಾಯ್ದೆ ಬಂದಿದೆ, ಯಾರಿಗೂ ಕಟ್ಟಬೇಕಿಲ್ಲ" ಎಂದು ತಿಳಿದು ನೋಂದಾಯಿತ ಸಂಸ್ಥೆಯ ಕಂತನ್ನು ನಿಲ್ಲಿಸಿದವರ ದಾಖಲೆಯಲ್ಲಿ ದಿನಗಳ ಎಣಿಕೆ ಆರಂಭವಾಗುತ್ತದೆ.

ತಪ್ಪು ಇದ್ದಾಗ

ಕಂಪನಿಗಳು ಒಬ್ಬನ ಸಾಲಗಳನ್ನು ಒಂದೆಡೆ ಸೇರಿಸುವುದು ಹೆಸರು, ಹುಟ್ಟಿದ ದಿನಾಂಕ, ಪ್ಯಾನ್, ಮತದಾರರ ಚೀಟಿ, ವಿಳಾಸ, ಮೊಬೈಲ್ ಸಂಖ್ಯೆಗಳನ್ನು ಹೋಲಿಸಿ. ನಮ್ಮ ಜಿಲ್ಲೆಯಲ್ಲಿ ಬಸವರಾಜ ಪಾಟೀಲರು, ಮಂಜುನಾಥ ಹಿರೇಮಠರು ಎಷ್ಟು ಜನರಿದ್ದಾರೆಂಬುದು ತಮಗೆ ಗೊತ್ತು. ಹುಟ್ಟಿದ ದಿನಾಂಕ ಶಾಲೆಯಲ್ಲಿ ಗುರುಗಳು ಬರೆದದ್ದು. ಒಂದೇ ಊರಿನ ಅರ್ಧ ಜನ ಜೂನ್ 1ರಂದು ಹುಟ್ಟಿದವರು. ಹೆಣ್ಣುಮಕ್ಕಳ ಹೆಸರು, ಅಡ್ಡಹೆಸರು ಮದುವೆಯ ನಂತರ ಬದಲಾಗುತ್ತವೆ. ಹೀಗಿರುವಾಗ ಒಬ್ಬರ ಸಾಲ ಇನ್ನೊಬ್ಬರ ವರದಿಗೆ ಸೇರುವುದಕ್ಕೂ, ಒಬ್ಬರದೇ ದಾಖಲೆ ಎರಡಾಗಿ ಒಡೆಯುವುದಕ್ಕೂ ಅವಕಾಶವಿದೆ. ಎಲ್ಲ ದಾಖಲೆಗಳಲ್ಲಿಯೂ ಹೆಸರಿನ ಇಂಗ್ಲಿಷ್ ಅಕ್ಷರಗಳು ಒಂದೇ ರೀತಿ ಇರಲಿ ಎಂದು ನಾವು ಪಿಂಚಣಿ, ಮನೆ ಯೋಜನೆಗಳಿಗಾಗಿ ಹೇಳುತ್ತಲೇ ಬಂದಿದ್ದೇವೆ. ಸಾಲಕ್ಕೂ ಅದೇ ಮಾತು.

ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಪ್ರತಿ ಕಂಪನಿಯಿಂದಲೂ ಅಂಕಸಹಿತ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. 2017ರಿಂದ ಈ ಹಕ್ಕು ಜಾರಿಯಲ್ಲಿದೆ. ಅಂತರ್ಜಾಲದಲ್ಲಿ ತೆಗೆಯುವಾಗ ಕಂಪನಿಯ ಸ್ವಂತ ಜಾಲತಾಣದಲ್ಲಿ ಉಚಿತ ವಾರ್ಷಿಕ ವರದಿ ಎಂಬುದನ್ನೇ ಆರಿಸಬೇಕು. ಹಣ ಕಟ್ಟುವ ಚಂದಾ ಪುಟಗಳೂ ಅಲ್ಲಿಯೇ ಇವೆ. ಬೇರೆಯವರ ಆ್ಯಪ್‌ಗಳಲ್ಲಿ ಉಚಿತವಾಗಿ ಅಂಕ ತೋರಿಸುವವರು ಅದಕ್ಕೆ ಬದಲಾಗಿ ಮೊಬೈಲ್ ಸಂಖ್ಯೆ ಪಡೆದು ಸಾಲದ ಕರೆಗಳನ್ನು ಕಳುಹಿಸುತ್ತಾರೆ.

ವರದಿಯಲ್ಲಿ ತಪ್ಪಿದ್ದರೆ ಆ ಕಂಪನಿಗೆ ಅಥವಾ ಸಾಲ ಕೊಟ್ಟ ಬ್ಯಾಂಕಿಗೆ ಲಿಖಿತ ದೂರು ಕೊಡಬೇಕು. ಬಾಕಿ ತೀರಿದ ರಸೀದಿ, ಬೇಬಾಕಿ ಪ್ರಮಾಣಪತ್ರ ಜೊತೆಗಿರಲಿ. ಕಂಪನಿ ತಾನಾಗಿ ಏನನ್ನೂ ತಿದ್ದುವುದಿಲ್ಲ, ಬ್ಯಾಂಕು ಒಪ್ಪಿ ತಿದ್ದುಪಡಿ ಕಳುಹಿಸಬೇಕು. ಬ್ಯಾಂಕಿಗೆ 21 ದಿನ, ಎಲ್ಲ ಸೇರಿ 30 ದಿನ. ದೂರು ಸಲ್ಲಿಸಿದ 30 ದಿನಗಳೊಳಗೆ ಪರಿಹಾರವಾಗದಿದ್ದರೆ ನಂತರದ ಪ್ರತಿ ದಿನಕ್ಕೆ 100 ರೂ.ನಂತೆ ದೂರುದಾರನಿಗೆ ಪರಿಹಾರ ಕೊಡಬೇಕು. 2024ರ ಏಪ್ರಿಲ್ 26ರಿಂದ ಈ ನಿಯಮವಿದೆ. ತಡ ಯಾರಿಂದಾಯಿತೋ ಅವರು ಕೊಡಬೇಕು. ನನ್ನ ತಂದೆಯವರ ಕಾಲಕ್ಕೆ ಇದು ಇರಲಿಲ್ಲ. ದಿನ ಎಣಿಸುವುದು ಸಾಲಗಾರನಿಗೆ ಮಾತ್ರವಲ್ಲ, ಈಗ ಅವರಿಗೂ ಇದೆ. ಆದರೆ ಎಣಿಕೆ ಆರಂಭವಾಗಬೇಕಾದರೆ ದೂರು ಲಿಖಿತವಾಗಿರಬೇಕು, ಸ್ವೀಕೃತಿ ಕೈಯಲ್ಲಿರಬೇಕು. ಬಾಯಿಮಾತಿನಲ್ಲಿ ಮ್ಯಾನೇಜರರಿಗೆ ಹೇಳಿ ಬಂದದ್ದು ಲೆಕ್ಕಕ್ಕಿಲ್ಲ. ಅಲ್ಲಿಯೂ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು. ಸಾಲ ಮಾಹಿತಿ ಕಂಪನಿಗಳೂ 2022ರಿಂದ ಆ ವ್ಯಾಪ್ತಿಗೆ ಬಂದಿವೆ. ಮಾಹಿತಿಗೆ 14448 ಸಂಖ್ಯೆಗೆ ಕರೆ ಮಾಡಬಹುದು.

ಹಣ ಕೊಟ್ಟರೆ ಸಿಬಿಲ್ ಸರಿಮಾಡಿಸುತ್ತೇವೆ ಎನ್ನುವ ಮಧ್ಯವರ್ತಿಗಳಿದ್ದಾರೆ. ಮೇಲೆ ಹೇಳಿದ ಅರ್ಜಿಯ ಹೊರತು ಅವರ ಬಳಿ ಬೇರೆ ದಾರಿ ಯಾವುದೂ ಇಲ್ಲ. ಖರೇ ಬಾಕಿಯನ್ನು ಅಳಿಸುವ ಶಕ್ತಿ ಯಾರಿಗೂ ಇಲ್ಲ.

ಪಂಚಾಯತಿಯ ಪಾತ್ರದ ಬಗ್ಗೆ ಒಂದು ಎಚ್ಚರಿಕೆ. ಸಾಲದ ವರದಿ ವ್ಯಕ್ತಿಯ ಖಾಸಗಿ ದಾಖಲೆ. ಅದನ್ನು ಪಂಚಾಯತಿ ಕಚೇರಿಯಲ್ಲಿ ಸಂಗ್ರಹಿಸುವುದಾಗಲಿ, ಫಲಾನುಭವಿಗಳ ಆಯ್ಕೆಗೆ ಕೇಳುವುದಾಗಲಿ, ಗ್ರಾಮಸಭೆಯಲ್ಲಿ ಯಾರ ಅಂಕ ಎಷ್ಟೆಂದು ಚರ್ಚಿಸುವುದಾಗಲಿ ಕೂಡದು. ಒಂದು ಸಭೆಯಲ್ಲಿ ಸದುದ್ದೇಶದಿಂದಲೇ ಅಂತಹ ಪಟ್ಟಿಯ ಮಾತು ಬಂದಾಗ ನಾನು ತಡೆಯಬೇಕಾಯಿತು. ನಾವು ಮಾಡಬಹುದಾದುದು ಅರ್ಜಿ ಬರೆಯಲು, ವರದಿ ಓದಲು ನೆರವಾಗುವುದು. ಗ್ರಾಮ ಒನ್ ಕೇಂದ್ರದಲ್ಲಿ ವರದಿ ತೆಗೆದವರು ಮುದ್ರಿತ ಪ್ರತಿಯನ್ನು ಅಲ್ಲಿಯೇ ಬಿಟ್ಟು ಬರದಂತೆಯೂ ನೋಡಿಕೊಳ್ಳಬೇಕು. ಅದರಲ್ಲಿ ಪ್ಯಾನ್ ಇರುತ್ತದೆ, ಹುಟ್ಟಿದ ದಿನಾಂಕವೂ ಇರುತ್ತದೆ.

ಸಾಲದ ಅರ್ಜಿಯನ್ನು ತಿರಸ್ಕರಿಸಿದಾಗ ಮುಖ್ಯ ಕಾರಣವನ್ನು ಲಿಖಿತವಾಗಿ ತಿಳಿಸಬೇಕೆಂಬುದು ಬ್ಯಾಂಕುಗಳು ಪಾಲಿಸಬೇಕಾದ ನ್ಯಾಯಯುತ ವ್ಯವಹಾರ ಸಂಹಿತೆಯಲ್ಲಿದೆ. "ಸಿಬಿಲ್ ಬರುತ್ತಿಲ್ಲ" ಎಂದು ಮರಳಿ ಬಂದವರಿಗೆ ಮೊದಲು ಆ ಕಾರಣವನ್ನು ಬರೆಸಿಕೊಂಡು ಬರಲು ತಿಳಿಸುವುದು. ದಾಖಲೆ ಇಲ್ಲದ್ದೋ, ಬಾಕಿಯದೋ, ಭಾರದ್ದೋ ಎಂಬುದು ಆ ಕಾಗದದಲ್ಲಿ ಸ್ಪಷ್ಟವಾಗುತ್ತದೆ. ಅರ್ಜಿಯ ಮಾದರಿ ನಮ್ಮ ಕಚೇರಿಯಲ್ಲಿದೆ. ಬೇಕಾದ ಪಂಚಾಯತಿಗಳು ಪ್ರತಿ ಪಡೆಯಬಹುದು.

– ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಧಾರವಾಡ ಜಿಲ್ಲೆ